ಡಿಸ್ಕ್ ಗಾಲ್ಫ್: ಹೊರಗಿನಿಂದ ಟ್ರೇಗೆ ಸಿಕ್ಕಿಕೊಂಡ ಡಿಸ್ಕ್ ಲೆಕ್ಕಕ್ಕೆ ಉಂಟಾ? ಹೋಲ್ ಮುಗಿಯಿತು ಅನ್ನುವುದು ಯಾವಾಗ?

ಚೈನ್_ಸದ್ದು
ನಾಲ್ಕು ಜನ ಡಿಸ್ಕ್ ಗಾಲ್ಫ್ ಆಡುತ್ತಿದ್ದೆವು, ಅಂದರೆ ಫ್ರಿಸ್ಬೀ ಥರದ ಡಿಸ್ಕನ್ನು ಕಂಬದ ಬ್ಯಾಸ್ಕೆಟ್‌ಗೆ (ಮೇಲೆ ಚೈನ್, ಕೆಳಗೆ ಬುಟ್ಟಿಯಂಥ ಟ್ರೇ) ಎಸೆಯುವ ಆಟ. ಒಂದೊಂದು ಬ್ಯಾಸ್ಕೆಟ್ ಒಂದೊಂದು ಹೋಲ್, ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದ ಹಾಗೆ. ಕೊನೆಯ ಹೋಲ್‌ಗೆ ಬರುವಾಗ ನಾನೂ ನನ್ನ ಗೆಳೆಯನೂ ಸಮ ಸಮ. ಬ್ಯಾಸ್ಕೆಟ್ ಸುತ್ತಲಿನ ಹತ್ತು ಮೀಟರ್ ವೃತ್ತದ ಸ್ವಲ್ಪ ಹೊರಗಿಂದ ಪಟ್ ಮಾಡಿದೆ, ಅಂದರೆ ಬ್ಯಾಸ್ಕೆಟ್‌ಗೆ ಹಾಕಲು ಎಸೆದೆ. ಡಿಸ್ಕ್ ಕೆಳಗಾಯಿತು, ಚೈನ್‌ಗೆ ತಾಗಲೇ ಇಲ್ಲ. ಟ್ರೇ ಪಕ್ಕದ ಕಂಬಿಗಳ ಸಂದಿಗೆ ಹೊರಗಿನಿಂದ ನುಗ್ಗಿ ಅಲ್ಲೇ ಸಿಕ್ಕಿಕೊಂಡಿತು. ಅರ್ಧ ಒಳಗೆ, ಅರ್ಧ ಹೊರಗೆ. ಗಾಳಿ ಚೆನ್ನಾಗಿಯೇ ಬೀಸುತ್ತಿತ್ತು, ಆದರೂ ಅಲುಗಾಡಲಿಲ್ಲ.

ಮುಗಿಯಿತು ಅಂತ ನಾನು ಡಿಸ್ಕ್ ತೆಗೆಯಲು ಹೋದೆ. ಗೆಳೆಯ ತಡೆದ. ಡಿಸ್ಕ್ ಮೇಲಿನಿಂದ ಒಳಗೆ ಬಿದ್ದರೆ ಮಾತ್ರ ಲೆಕ್ಕ, ಪಕ್ಕದಿಂದ ತೂರಿದರೆ ಇಲ್ಲ ಅಂದ. ಮೂರನೆಯವರು ಅವನ ಕಡೆ, ನಾಲ್ಕನೆಯವರು ನನ್ನ ಕಡೆ. ಇಬ್ಬರು ಆ ಕಡೆ, ಇಬ್ಬರು ಈ ಕಡೆ. ಇನ್ನೂ ತೀರ್ಮಾನ ಆಗಿಲ್ಲ. ನಿಯಮ ಸರಿಯಾಗಿ ಗೊತ್ತಿರುವವರು ಹೇಳಿ.

ಕೋರ್ಸ್_ಕಾವಲು
ಮುಗಿದಿದೆ. ಹೋಲ್ ನಿಮ್ಮದೇ.

ಈಗಿನ ಪಿಡಿಜಿಎ (ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘ) ನಿಯಮ ಕೇಳುವುದು ಎರಡೇ ವಿಷಯ. ಒಂದು, ಡಿಸ್ಕ್ ನಿಮ್ಮ ಕೈ ಬಿಟ್ಟಿರಬೇಕು. ಎರಡು, ಅದು ಟ್ರೇ ಅಥವಾ ಚೈನ್‌ನ ಆಧಾರದಲ್ಲಿ ನಿಂತಿರಬೇಕು, ಚೈನ್ ನೇತುಹಾಕಿರುವ ಮೇಲಿನ ಭಾಗಕ್ಕಿಂತ ಕೆಳಗೆ. ಅಷ್ಟೇ. ಯಾವ ದಾರಿಯಲ್ಲಿ ಬಂತು ಅಂತ ಯಾರೂ ಕೇಳುವಂತಿಲ್ಲ. ನಿಮ್ಮ ಡಿಸ್ಕನ್ನು ಹಿಡಿದಿದ್ದು ಟ್ರೇ. ಅಲ್ಲಿಗೆ ಮುಗಿಯಿತು.

ನೇರ_ಎಸೆತ
ಇದು ಸರಿಯಿಲ್ಲ ಸರ್. ನಾನು ಆಟ ಕಲಿತಾಗ ಇದ್ದ ನಿಯಮ ಬೇರೆ. ಟ್ರೇ ಅಂಚಿನ ಮೇಲೆ, ಚೈನ್ ಕಟ್ಟಿದ ಜಾಗದ ಕೆಳಗೆ, ಆ ನಡುವಿನ ಜಾಗದಿಂದಲೇ ಡಿಸ್ಕ್ ಒಳಗೆ ಹೋಗಬೇಕು. ಪಕ್ಕದ ಕಂಬಿಗೆ ಸಿಕ್ಕಿಕೊಂಡಿದ್ದು ಲೆಕ್ಕಕ್ಕಿಲ್ಲ. ಗೆಳೆಯರು ಹೇಳಿದ್ದು ಇದನ್ನೇ.

ಕೋರ್ಸ್_ಕಾವಲು
ಅದು ಹಳೆಯ ನಿಯಮ. 2022ರಲ್ಲಿ ಬದಲಾಯಿತು. ಅದಕ್ಕೆ ಮುಂಚೆ ಡಿಸ್ಕ್ ಯಾವ ಕಡೆಯಿಂದ ಒಳಗೆ ಹೋಯಿತು ಅನ್ನುವುದೂ ಮುಖ್ಯವಾಗಿತ್ತು. ಈಗ ಎಲ್ಲಿ ನಿಂತಿದೆ ಅನ್ನುವುದು ಮಾತ್ರ. ಹಾಗಾಗಿ ವೆಡ್ಜಿ, ಅಂದರೆ ಹೊರಗಿನಿಂದ ಕಂಬಿಗೆ ಸಿಕ್ಕಿಕೊಂಡ ಡಿಸ್ಕ್, ಈಗ ಪೂರ್ತಿ ಲೆಕ್ಕಕ್ಕುಂಟು.

ಗಾಳಿ_ನೋಡಿ
ನಮ್ಮ ಗುಂಪಿನಲ್ಲೂ ಇದೇ ಜಗಳ. ಅರ್ಧ ಜನ 2022ಕ್ಕೆ ಮುಂಚೆ ಕಲಿತವರು, ಅರ್ಧ ಜನ ಆಮೇಲೆ ಬಂದವರು. ಇಬ್ಬರೂ ಪುಸ್ತಕ ನೋಡಿಯೇ ಮಾತಾಡುತ್ತಾರೆ, ಆದರೆ ಬೇರೆ ಬೇರೆ ವರ್ಷದ ಪುಸ್ತಕ!

ನೇರ_ಎಸೆತ
ನಿಯಮ ಬದಲಾಗಿದೆ ಅಂದಮಾತ್ರಕ್ಕೆ ಅದು ನ್ಯಾಯ ಆಗುತ್ತಾ? ನಾನು ಕೇಳುತ್ತಿರುವುದು ಅದು. ಚೈನ್ ಮಧ್ಯಕ್ಕೆ ಸರಿಯಾಗಿ ಹೊಡೆದ ಪಟ್ ಪುಟಿದು ಹೊರಗೆ ಬಿದ್ದರೆ ಸೊನ್ನೆ. ಗುರಿ ತಪ್ಪಿ ಒಂದಡಿ ಕೆಳಗೆ ಹೋದ ಪಟ್ ಕಂಬಿಗೆ ಸಿಕ್ಕಿಕೊಂಡರೆ ಪೂರ್ತಿ ಅಂಕ. ಯಾವುದು ಒಳ್ಳೆಯ ಎಸೆತ? ಆಟ ಕೌಶಲಕ್ಕೆ ಬೆಲೆ ಕೊಡಬೇಕು, ಅಲ್ವಾ?

ಟೀ_ಪ್ಯಾಡ್
+1. ಒಳ್ಳೆ ಪಟ್ ಪುಟಿದು ಬಂದಾಗ ಆಗುವ ಸಂಕಟ ಆಡಿದವರಿಗೇ ಗೊತ್ತು.

ಮೂರನೇ_ಸುತ್ತು
ನೇರ_ಎಸೆತ ಅವರೇ, ನಿಮ್ಮ ನೋವು ಅರ್ಥವಾಗುತ್ತೆ. ಆದರೆ ಹಳೆಯ ನಿಯಮದ ಕಷ್ಟ ಏನಿತ್ತು ಅಂತ ಒಂದು ಸಲ ಯೋಚನೆ ಮಾಡಿ. 60 ಮೀಟರ್ ದೂರದಿಂದ ಎಸೆಯುತ್ತೀರಿ. ಡಿಸ್ಕ್ ಹೋಗಿ ಬ್ಯಾಸ್ಕೆಟ್‌ಗೆ ಬಡಿಯುತ್ತೆ, ಸದ್ದು ಕೇಳುತ್ತೆ, ನೆಲಕ್ಕೆ ಬೀಳಲ್ಲ. ಹತ್ತಿರ ಹೋಗಿ ನೋಡಿದರೆ ಟ್ರೇ ಒಳಗೆ ಆರಾಮಾಗಿ ಕೂತಿದೆ. ಮೇಲಿಂದ ಬಂತಾ, ಪಕ್ಕದ ಕಂಬಿ ಸಂದಿಯಿಂದ ಪೂರ್ತಿ ತೂರಿತಾ, ಕೆಳಗಿನಿಂದ ಚಿಮ್ಮಿ ಬಂತಾ? ಯಾರು ನೋಡಿದರು? ಯಾರೂ ಇಲ್ಲ. ಮರದ ಹಿಂದೆ ಬ್ಯಾಸ್ಕೆಟ್ ಇದ್ದರಂತೂ ಕೇಳಲೇಬೇಡಿ.

ಎಲ್ಲಿ ನಿಂತಿದೆ ಅನ್ನುವುದನ್ನು ನಾಲ್ಕು ಜನ ಸುತ್ತ ನಿಂತು ನೋಡಬಹುದು. ಹೇಗೆ ಬಂತು ಅನ್ನುವುದು ಆ ಅರ್ಧ ಸೆಕೆಂಡಿನಲ್ಲೇ ಹೋಗಿಬಿಡುತ್ತೆ. ಕಣ್ಣಿಗೆ ಕಾಣುವುದರ ಮೇಲೆ ನಿಯಮ ಮಾಡುವುದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಹಳೇ_ಡಿಸ್ಕ್
ಮೂರನೇ_ಸುತ್ತು ಹೇಳಿದ್ದಕ್ಕೆ ನಾನೂ ಸ್ವಲ್ಪ ಸೇರಿಸುತ್ತೇನೆ. ಬ್ಯಾಸ್ಕೆಟ್ ಹುಟ್ಟಿದ್ದೇ ಈ ಜಗಳದಿಂದ. ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನಲ್ಲಿ 1975ರಲ್ಲಿ ಎಡ್ ಹೆಡ್ರಿಕ್ ಕೋರ್ಸ್ ಮಾಡಿದಾಗ ಗುರಿ ಅಂದರೆ ಬರೀ ಕಂಬ. ಕಂಬಕ್ಕೆ ಡಿಸ್ಕ್ ತಾಗಿದರೆ ಹೋಲ್ ಮುಗಿಯಿತು. ತಾಗಿತು ಅಂತ ಒಬ್ಬ, ತಾಗಲಿಲ್ಲ ಅಂತ ಇನ್ನೊಬ್ಬ. ಈ ವಾದ ಕೇಳಿ ಕೇಳಿ ಬೇಸತ್ತು ಹೆಡ್ರಿಕ್ ಚೈನ್ ಮತ್ತು ಬುಟ್ಟಿ ಇರುವ ಕಂಬ ಮಾಡಿದರು. ಅದಕ್ಕೆ 1977ರಲ್ಲಿ ಪೇಟೆಂಟ್ ಸಿಕ್ಕಿತು. ಡಿಸ್ಕನ್ನು ಹಿಡಿದು ಇಟ್ಟುಕೊಳ್ಳುವ ಗುರಿ ಇದ್ದರೆ ವಾದಕ್ಕೆ ಜಾಗವೇ ಇಲ್ಲ ಅನ್ನುವುದು ಅವರ ಲೆಕ್ಕ.

ಹಾಗೆ ನೋಡಿದರೆ 2022ರ ಬದಲಾವಣೆ ಹೊಸದೇನಲ್ಲ. ಹಿಡಿದುಕೊಂಡಿದೆಯಾ? ಹೌದು. ಮುಗಿಯಿತು.

ಹೊಸ_ಕೈ
ಫ್ರಿಸ್ಬೀ ಕಂಡುಹಿಡಿದವರೂ ಇವರೇ ಅಲ್ವಾ?

ಹಳೇ_ಡಿಸ್ಕ್
ಅಲ್ಲ. ಆ ಪ್ಲಾಸ್ಟಿಕ್ ತಟ್ಟೆ ಮಾಡಿದವರು ಫ್ರೆಡ್ ಮಾರಿಸನ್. ಹೆಡ್ರಿಕ್ ವ್ಯಾಮ್-ಓ ಕಂಪನಿಯಲ್ಲಿದ್ದಾಗ ಅದನ್ನು ಸುಧಾರಿಸಿದರು. ಡಿಸ್ಕ್ ಮೇಲ್ಭಾಗದಲ್ಲಿ ಸುತ್ತ ಏಣು ಏಣಾಗಿ ಗೆರೆ ಇರುತ್ತಲ್ಲ, ಹಾರಾಟ ಸ್ಥಿರವಾಗಿರಲು? ಅದು ಅವರ ಕೆಲಸ. ಅದರ ಪೇಟೆಂಟ್ 1967ರದ್ದು. ಪಿಡಿಜಿಎ ಶುರು ಮಾಡಿದವರೂ ಅವರೇ, 1976ರಲ್ಲಿ. 2002ರಲ್ಲಿ ತೀರಿಕೊಂಡ ಮೇಲೆ ಅವರ ಇಷ್ಟದಂತೆ ಚಿತಾಭಸ್ಮವನ್ನು ಡಿಸ್ಕ್‌ಗಳಲ್ಲಿ ಬೆರೆಸಿದರು.

ಟೀ_ಪ್ಯಾಡ್
ಚಿತಾಭಸ್ಮದ ವಿಷಯ ಗೊತ್ತೇ ಇರಲಿಲ್ಲ. ಓದಿ ಮೈ ಜುಮ್ ಅಂದಿತು.

ಪಟರ್_ಪ್ರೇಮಿ
ವಿಷಯಕ್ಕೆ ಬರೋಣ. ಬ್ಯಾಸ್ಕೆಟ್ ಮೇಲೆ, ಟೋಪಿ ಥರ ಇರುವ ಭಾಗದ ಮೇಲೆ ಡಿಸ್ಕ್ ಹೋಗಿ ಕೂತರೆ? ಹಿಡಿದುಕೊಂಡಿದೆ ತಾನೇ? ಹಳೇ_ಡಿಸ್ಕ್ ಅವರ ಲೆಕ್ಕದಲ್ಲಿ ಅದೂ ಮುಗಿದ ಹಾಗೆ.

ಕೋರ್ಸ್_ಕಾವಲು
ಮುಗಿದಿಲ್ಲ. ಇದಕ್ಕೆ ಡ್ರಾಟ್ ಅಂತಾರೆ. ಚೈನ್ ನೇತುಹಾಕಿರುವ ಭಾಗದ ಕೆಳಗೆ ಇರಬೇಕು ಅಂತ ನಿಯಮದಲ್ಲೇ ಇದೆ. ಮೇಲೆ ಕೂತ ಡಿಸ್ಕ್ ಆ ಭಾಗದ ಮೇಲಿದೆ. ಅದರ ನೇರ ಕೆಳಗೆ ನೆಲದ ಮೇಲೆ ಗುರುತು ಹಾಕಿ, ಇನ್ನೊಂದು ಸಲ ಹಾಕಬೇಕು. ಒಂದು ಎಸೆತ ಜಾಸ್ತಿ ಆಗುತ್ತೆ.

ಒಂದು ಎಚ್ಚರಿಕೆ. ಕೆಲವರು ಕಂಬ ಅಲ್ಲಾಡಿಸಿ ಡಿಸ್ಕ್ ಟ್ರೇ ಒಳಗೆ ಬೀಳಿಸಿ, ಬಿತ್ತು ನೋಡಿ ಅಂತಾರೆ. ಅದು ಲೆಕ್ಕಕ್ಕಿಲ್ಲ. ಡಿಸ್ಕ್ ಆಗಲೇ ಮೇಲೆ ನಿಂತಾಗಿದೆ.

ನೇರ_ಎಸೆತ
ನೋಡಿ, ಇಲ್ಲೇ ಗೊಂದಲ. ಮೇಲೆ ಕೂತರೆ ಇಲ್ಲ, ಪಕ್ಕಕ್ಕೆ ಸಿಕ್ಕಿಕೊಂಡರೆ ಉಂಟು. ಎರಡೂ ಅದೃಷ್ಟವೇ. ಒಂದಕ್ಕೆ ಬಹುಮಾನ, ಇನ್ನೊಂದಕ್ಕೆ ಶಿಕ್ಷೆ. ಯಾಕೆ?

ಮೂರನೇ_ಸುತ್ತು
ಟ್ರೇ ಮತ್ತು ಚೈನ್ ಇರುವುದೇ ಡಿಸ್ಕ್ ಹಿಡಿಯಲು. ಮೇಲಿನ ಭಾಗ ಇರುವುದು ಚೈನ್ ನೇತುಹಾಕಲು. ಹಿಡಿಯುವ ಭಾಗ ಹಿಡಿದರೆ ಉಂಟು, ಹಿಡಿಯುವ ಕೆಲಸ ಅಲ್ಲದ ಭಾಗದಲ್ಲಿ ಕೂತರೆ ಇಲ್ಲ. ನನಗೆ ಇದರಲ್ಲಿ ಗೊಂದಲ ಕಾಣಲ್ಲ.

ನೇರ_ಎಸೆತ
ಕಂಬಿಯ ಹೊರಮೈ ಹಿಡಿಯುವ ಭಾಗ ಅಂತ ನಾನು ಒಪ್ಪುವುದಿಲ್ಲ. ಟ್ರೇ ಒಳಗಡೆ ಹಿಡಿಯುತ್ತೆ, ಹೊರಗಡೆ ಅಲ್ಲ. ನಿಯಮ ಪಾಲಿಸುತ್ತೇನೆ, ಪಂದ್ಯದಲ್ಲಿ ಎದುರಾಳಿಗೆ ಒಂದು ಮಾತೂ ಆಡುವುದಿಲ್ಲ. ಆದರೆ ಮೆಚ್ಚು ಅಂದರೆ ಮೆಚ್ಚಲಾರೆ.

ಗಾಳಿ_ನೋಡಿ
ಚೈನ್‌ಗೆ ಹೊಡೆದು ಪುಟಿಯುವ ವಿಷಯ ಬಂತಲ್ಲ, ಅದರಲ್ಲಿ ಅದೃಷ್ಟ ಅಷ್ಟೊಂದಿಲ್ಲ ನೇರ_ಎಸೆತ ಅವರೇ. ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್ ಪಟ್ ಮಾಡುವವರ ಡಿಸ್ಕ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತೆ. ನಡುಗಂಬದ ಬಲಕ್ಕೆ ಹೋದರೆ ಡಿಸ್ಕ್‌ನ ಎಡ ಅಂಚು ಕಂಬಕ್ಕೆ ಉಜ್ಜುತ್ತೆ. ಆ ಅಂಚು ಮುಂದಕ್ಕೆ ತಿರುಗುತ್ತಿರುತ್ತೆ, ಹಾಗಾಗಿ ಉಜ್ಜಿದಾಗ ಡಿಸ್ಕ್ ವೇಗ ಕಳೆದುಕೊಂಡು ಅಲ್ಲೇ ಬೀಳುತ್ತೆ. ಕಂಬದ ಎಡಕ್ಕೆ ಹೋದರೆ ಉಲ್ಟಾ. ಬಲ ಅಂಚು ಹಿಂದಕ್ಕೆ ತಿರುಗುತ್ತಿರುತ್ತೆ, ಕಂಬಕ್ಕೆ ತಾಗಿದೊಡನೆ ಅದು ಡಿಸ್ಕನ್ನು ಮುಂದಕ್ಕೆ ತಳ್ಳುತ್ತೆ. ಚೈನ್ ಸೀಳಿಕೊಂಡು ಆ ಕಡೆಯಿಂದ ಹೊರಗೆ.

ಅದಕ್ಕೇ ಬಲಗೈಯವರು ಕಂಬದ ನೇರಕ್ಕಿಂತ ಕೊಂಚ ಬಲಕ್ಕೆ ಗುರಿ ಇಡುವುದು. ನೀವು ಸರಿಯಾದ ಪಟ್ ಅಂದುಕೊಂಡಿದ್ದು ಎಷ್ಟೋ ಸಲ ಎಡಗಡೆಗೆ ಹೋದ ಪಟ್ ಆಗಿರುತ್ತೆ. ಮುಂದಿನ ಸಲ ಗಮನಿಸಿ.

ಟೀ_ಪ್ಯಾಡ್
ಇದು ಉಪಯೋಗದ ಮಾತು. ಎಡಗೈಯವರಿಗೆ ಎಡಕ್ಕೆ ಗುರಿ ಅಂತಾಯ್ತು?

ಗಾಳಿ_ನೋಡಿ
ಬ್ಯಾಕ್‌ಹ್ಯಾಂಡ್ ಆದರೆ ಹೌದು, ತಿರುಗುವುದು ಉಲ್ಟಾ ಅಲ್ವಾ.

ಹೊಸ_ಕೈ
ನನ್ನದೊಂದು ಪ್ರಶ್ನೆ. ಡಿಸ್ಕ್ ಚೈನ್‌ನಲ್ಲಿ ನೇತಾಡಿ ನಿಂತಿತ್ತು. ಎಲ್ಲರೂ ನೋಡಿದೆವು. ನಾನು ನಡೆದುಕೊಂಡು ಹೋಗುವಷ್ಟರಲ್ಲಿ ಜೋರು ಗಾಳಿ ಬಂದು ಕೆಳಗೆ ಬಿತ್ತು. ಹಿರಿಯರೊಬ್ಬರು, ಕೈಗೆ ತೆಗೆದುಕೊಳ್ಳುವವರೆಗೂ ಹೋಲ್ ಮುಗಿಯಲ್ಲ ಕಣಪ್ಪ ಅಂದರು. ನಾನು ಸುಮ್ನೆ ಇನ್ನೊಂದು ಸಲ ಹಾಕಿದೆ.

ಕೋರ್ಸ್_ಕಾವಲು
ಹಾಕಬೇಕಾಗಿರಲಿಲ್ಲ ಮಾರಾಯರೇ. ಎಸೆತದ ರಭಸ ಪೂರ್ತಿ ಕಳೆದು ಡಿಸ್ಕ್ ನಿಂತರೆ ಅದು ನಿಂತ ಹಾಗೆ. ನಿಂತ ಕ್ಷಣಕ್ಕೇ ಹೋಲ್ ಮುಗಿಯಿತು. ಆಮೇಲೆ ಗಾಳಿ ಬೀಳಿಸಲಿ, ಬೇರೆಯವರ ಡಿಸ್ಕ್ ಬಂದು ಗುದ್ದಿ ಹೊರಗೆ ಹಾಕಲಿ, ನಿಮ್ಮ ಅಂಕ ಅಲ್ಲಾಡಲ್ಲ.

ಆದರೆ ಒಂದು. ಚೈನ್‌ನಲ್ಲಿ ಇನ್ನೂ ತೂಗಾಡುತ್ತಾ, ಜಾರುತ್ತಾ ಇದ್ದು, ಹಾಗೇ ಬಿದ್ದುಹೋದರೆ ಅದು ನಿಂತಿಲ್ಲ. ಅದು ಬರೀ ಪುಟಿದ ಪಟ್.

ನೇರ_ಎಸೆತ
ತೂಗಾಡುತ್ತಿತ್ತಾ, ನಿಂತಿತ್ತಾ ಅಂತ ಯಾರು ಹೇಳುವುದು? ಕಣ್ಣಿಗೆ ಕಾಣುವ ನಿಯಮ ಅಂತ ಹೇಳಿದಿರಲ್ಲ, ಇಲ್ಲಿ ಮತ್ತೆ ಅದೇ ಸಮಸ್ಯೆ ಬಂತು.

ಕೋರ್ಸ್_ಕಾವಲು
ಒಳ್ಳೆಯ ಪ್ರಶ್ನೆ. ಗುಂಪು ಹೇಳುತ್ತೆ. ಜಾಸ್ತಿ ಜನ ಒಪ್ಪಿದ್ದು ನಡೆಯುತ್ತೆ. ಬಹುಮತ ಬರದಿದ್ದರೆ ಎಸೆದವರಿಗೆ ಅನುಕೂಲವಾಗುವ ಹಾಗೆ ತೀರ್ಮಾನ. ಚೈನ್_ಸದ್ದು ಅವರೇ, ಇದು ನಿಮಗೂ ಅನ್ವಯಿಸುತ್ತೆ. ಇಬ್ಬರು ಆ ಕಡೆ, ಇಬ್ಬರು ಈ ಕಡೆ ಅಂದಿರಲ್ಲ? ನಿಯಮ ಏನೆಂದು ಗೊತ್ತಿಲ್ಲದಿದ್ದರೂ ತೀರ್ಮಾನ ನಿಮ್ಮ ಕಡೆಗೇ ಆಗಬೇಕಿತ್ತು.

ಅದೂ ಒಪ್ಪಿಗೆ ಆಗದಿದ್ದರೆ ಅಧಿಕಾರಿ ಬರುವವರೆಗೆ ಆಟ ನಿಲ್ಲಿಸಬೇಕಾಗಿಲ್ಲ. ಪ್ರೊವಿಷನಲ್ ಎಸೆತ ಅಂತ ಇದೆ. ಮುಗಿಯಿತು ಅನ್ನುವ ಅಂಕವನ್ನೂ ಬರೆದುಕೊಳ್ಳಿ, ಮುಗಿದಿಲ್ಲ ಅಂದುಕೊಂಡು ಇನ್ನೊಂದು ಸಲ ಹಾಕಿ ಆ ಅಂಕವನ್ನೂ ಬರೆದುಕೊಳ್ಳಿ. ಕೊನೆಗೆ ಕೇಳಿ ಒಂದನ್ನು ಉಳಿಸಿಕೊಂಡರಾಯಿತು. ಹಾಕುವ ಮುಂಚೆ ಇದು ಪ್ರೊವಿಷನಲ್ ಅಂತ ಗುಂಪಿಗೆ ಹೇಳಿರಬೇಕು.

ಚೈನ್_ಸದ್ದು
ಪ್ರೊವಿಷನಲ್ ವಿಷಯ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಈ ಎಳೆಯನ್ನು ಗೆಳೆಯನಿಗೆ ಕಳಿಸಿದ್ದೇನೆ. 2022 ಅಂತ ನೋಡಿ ಒಪ್ಪಿದ್ದಾನೆ, ಆದರೆ ನೇರ_ಎಸೆತ ಅವರಿಗೆ ನನ್ನ ವೋಟು ಅಂತ ಹೇಳು ಅಂದ.

ಪಟರ್_ಪ್ರೇಮಿ
ನನ್ನ ತಕರಾರು ಬೇರೆ. ಡಿಸ್ಕ್ ಬ್ಯಾಸ್ಕೆಟ್ ಬುಡದಲ್ಲಿ ಬಿದ್ದಿದೆ, ಒಂದು ಗೇಣು ದೂರ. ಎತ್ತಿಕೊಂಡು, ಇದು ಬಿದ್ದ ಹಾಗೇ ಅಂತ ಮುಂದಿನ ಟೀಗೆ, ಅಂದರೆ ಮುಂದಿನ ಹೋಲ್ ಶುರುವಾಗುವ ಜಾಗಕ್ಕೆ, ನಡೆಯುತ್ತಾರೆ. ಇದನ್ನು ಯಾರೂ ಪ್ರಶ್ನೆ ಮಾಡಲ್ಲ. ಕೇಳಿದರೆ ಇಷ್ಟು ಹತ್ತಿರದಿಂದ ತಪ್ಪುತ್ತಾ ಅಂತಾರೆ. ತಪ್ಪಲ್ಲ, ಒಪ್ಪಿದೆ. ಆದರೂ ಹಾಕಬೇಕು ತಾನೇ?

ಹತ್ತು_ಮೀಟರ್
ಹಾಕಲೇಬೇಕು. ಗಾಲ್ಫ್‌ನ ಮ್ಯಾಚ್ ಪ್ಲೇನಲ್ಲಿ ಎದುರಾಳಿ ಪಟ್ ಬಿಟ್ಟುಕೊಡಬಹುದು. ಡಿಸ್ಕ್ ಗಾಲ್ಫ್‌ನಲ್ಲಿ ಪ್ರತಿ ಎಸೆತ ಎಣಿಸಿ ಆಡುವಾಗ ಅಂಥದ್ದೇನೂ ಇಲ್ಲ. ಹೋಲ್ ಮುಗಿಸದೆ ಮುಂದಿನ ಟೀಯಿಂದ ಎಸೆದುಬಿಟ್ಟರೆ, ಆಗಿರುವ ಎಸೆತಕ್ಕೆ ಬಿಟ್ಟುಹೋದ 1 ಸೇರುತ್ತೆ, ಅದರ ಮೇಲೆ 2 ದಂಡದ ಎಸೆತ. ಒಂದು ಗೇಣಿಗೆ ಅಷ್ಟು ಬೆಲೆ ಕೊಡಬೇಕಾ?

ಹೊಸ_ಕೈ
ಹಾಗಿದ್ದರೆ ಡಿಸ್ಕ್ ಎತ್ತಿ ಟ್ರೇ ಒಳಗೆ ಇಟ್ಟರೆ ಸಾಕಾ? ಎಸೆಯಲೇಬೇಕಾ?

ಹತ್ತು_ಮೀಟರ್
ಡಿಸ್ಕ್ ಇದ್ದ ಜಾಗದ ಹಿಂದೆ ಸರಿಯಾಗಿ ಕಾಲಿಟ್ಟು ಕೈ ಚಾಚಿ ಹಾಕಿದರೂ ಸಾಕು. ಕೈ ಬಿಡಬೇಕು ಅಷ್ಟೇ. ಟ್ರೇಗೆ ತಾಗಿಸಿ ವಾಪಸ್ ಎತ್ತಿಕೊಂಡರೆ ಇಲ್ಲ, ಅದು ನಿಮ್ಮ ಕೈಯಲ್ಲೇ ಇತ್ತು. ತುಂಬಾ ಜನ ಹೀಗೆ ಮಾಡುವುದನ್ನು ನೋಡಿದ್ದೇನೆ. ಟಣ್ ಅಂತ ತಾಗಿಸುತ್ತಾರೆ, ನಡೆಯುತ್ತಾರೆ.

ಇನ್ನೊಂದು, ನಿಲುವಿನ ವಿಷಯ. 10 ಮೀಟರ್ ಒಳಗಿದ್ದರೆ ಪಟ್ ಬಿಟ್ಟ ಮೇಲೆ ಗುರುತಿನ ಹಿಂದೆಯೇ ಮೈ ಹಿಡಿತಕ್ಕೆ ತಂದು ತೋರಿಸಬೇಕು. ಆಮೇಲೆ ಮುಂದೆ ಹೆಜ್ಜೆ. ಡಿಸ್ಕ್ ಒಳಗೆ ಬಿತ್ತು ಅಂತ ಅದೇ ಓಘದಲ್ಲಿ ಮುಂದಕ್ಕೆ ಮುಗ್ಗರಿಸಿದರೆ 1 ದಂಡ. ಬ್ಯಾಸ್ಕೆಟ್‌ನಲ್ಲಿ ಡಿಸ್ಕ್ ಇದೆ ಅನ್ನುವುದೊಂದೇ ಸಾಲದು, ಹೇಗೆ ನಿಂತು ಎಸೆದಿರಿ ಅನ್ನುವುದೂ ಎಣಿಕೆಗೆ ಬರುತ್ತೆ.

ಟೀ_ಪ್ಯಾಡ್
ಇದನ್ನು ಕೂಗಿ ಹೇಳುವವರು ಯಾರು ಸರ್? ಗೆಳೆಯ ಮುಗ್ಗರಿಸಿದಾಗ ದಂಡ ಅಂದರೆ ಮುಖ ದಪ್ಪ ಮಾಡಿಕೊಳ್ಳುತ್ತಾನೆ. ನಾನು ನೋಡಿಯೂ ಸುಮ್ಮನಿದ್ದುಬಿಡುತ್ತೇನೆ.

ಹತ್ತು_ಮೀಟರ್
ಸುಮ್ಮನಿರಬೇಡಿ. ಈ ಆಟದಲ್ಲಿ ಪ್ರತಿ ಗುಂಪಿಗೂ ಅಂಪೈರ್ ಇರಲ್ಲ, ಆಡುವವರೇ ನೋಡಿಕೊಳ್ಳಬೇಕು. ಸ್ನೇಹಕ್ಕೆ ಒಬ್ಬರನ್ನು ಬಿಟ್ಟರೆ ಸರಿಯಾಗಿ ನಿಂತು ಆಡಿದ ಇನ್ನಿಬ್ಬರಿಗೆ ಅನ್ಯಾಯ ಆಗುತ್ತೆ. ಮೊದಲ ಟೀಯಲ್ಲೇ ಹೇಳಿಬಿಡಿ: ಇವತ್ತು ಕಾಲಿನ ತಪ್ಪು ಕರೆಯುತ್ತೇವೆ, ವೆಡ್ಜಿ ಲೆಕ್ಕಕ್ಕುಂಟು, ಬುಡದಲ್ಲಿದ್ದರೂ ಹಾಕಲೇಬೇಕು. ಮುಂಚೆ ಹೇಳಿದ್ದಕ್ಕೆ ಯಾರೂ ಮುನಿಸಿಕೊಳ್ಳಲ್ಲ.

ಗಾಳಿ_ನೋಡಿ
ಅನುಮಾನಕ್ಕೆ ಜಾಗವೇ ಇಲ್ಲದ ಹೋಲ್ ನೋಡಬೇಕು ಅಂದರೆ 2021ರ ವಿಶ್ವ ಚಾಂಪಿಯನ್‌ಶಿಪ್ ನೋಡಿ. ಯೂಟಾದ ಆಗ್ಡೆನ್‌ನಲ್ಲಿ ನಡೆದದ್ದು. ಕೊನೆಯ ಹೋಲ್, ಜೇಮ್ಸ್ ಕಾನ್ರಾಡ್ 247 ಅಡಿ ದೂರದಿಂದ ಎಸೆದು ನೇರ ಚೈನ್‌ಗೆ ಹಾಕಿದ. ಆ ಒಂದು ಎಸೆತಕ್ಕೆ ವಿಶ್ವ ಚಾಂಪಿಯನ್.

ಹಳೇ_ಡಿಸ್ಕ್
ಒಂದು ತಿದ್ದುಪಡಿ. ಆ ಎಸೆತದಿಂದ ಪಾಲ್ ಮೆಕ್‌ಬೆತ್ ಜೊತೆ ಸಮ ಆಯಿತು ಅಷ್ಟೇ. ಗೆದ್ದಿದ್ದು ಆಮೇಲೆ ಪ್ಲೇಆಫ್‌ನಲ್ಲಿ. ಆದರೆ ಆ ಎಸೆತ ಬೀಳದಿದ್ದರೆ ಪ್ಲೇಆಫ್ ಇರುತ್ತಿರಲಿಲ್ಲ, ಅದು ಸರಿ.

ಮೂರನೇ_ಸುತ್ತು
ಎಷ್ಟು ಸಲ ನೋಡಿದರೂ ಸಾಲದು. ಡಿಸ್ಕ್ ಬಿದ್ದೊಡನೆ ಜನ ಎದ್ದು ಓಡಿದ್ದು! ನೇರ_ಎಸೆತ ಅವರೇ, ಅದೇ ಡಿಸ್ಕ್ ಚೈನ್‌ಗೆ ಬೀಳದೆ ಕಂಬಿಗೆ ಸಿಕ್ಕಿಕೊಂಡಿದ್ದರೆ? 247 ಅಡಿಯಿಂದ ಬಂದ ಎಸೆತವನ್ನು ಇಲ್ಲ ಅನ್ನುತ್ತಿದ್ದಿರಾ?

ನೇರ_ಎಸೆತ
ಅನ್ನುತ್ತಿದ್ದೆ. 2021ರಲ್ಲಿ ಹಳೆಯ ನಿಯಮವೇ ಇತ್ತು, ಆಗ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ!

ಮೂರನೇ_ಸುತ್ತು
ಸರಿಯಾದ ಮಾತು. ಈ ಸುತ್ತು ನಿಮಗೆ.

ಪಟರ್_ಪ್ರೇಮಿ
ಮ್ಯಾಂಡೋ ತಪ್ಪಿಸಿ ಹೋದ ಡಿಸ್ಕ್ ಬ್ಯಾಸ್ಕೆಟ್‌ಗೆ ಬಿದ್ದರೆ? ಮರದ ಎಡಕ್ಕೆ ಹೋಗಬೇಕು ಅಂತ ಬಾಣದ ಗುರುತಿದೆ, ಬಲಕ್ಕೆ ಹೋಗಿ ಸೀದಾ ಒಳಗೆ ಬಿತ್ತು.

ಕೋರ್ಸ್_ಕಾವಲು
ಮುಗಿದಿಲ್ಲ. ಮ್ಯಾಂಡೋ ತಪ್ಪಿದರೆ 1 ದಂಡ, ಅದಕ್ಕೆಂದೇ ಗುರುತು ಮಾಡಿದ ಡ್ರಾಪ್ ಝೋನ್‌ನಿಂದ ಮತ್ತೆ ಆಡಬೇಕು. ಡಿಸ್ಕ್ ಯಾವ ದಾರಿಯಲ್ಲಿ ಬಂತು ಅಂತ ಕೇಳುವಂತಿಲ್ಲ ಅಂದಿದ್ದು ಬ್ಯಾಸ್ಕೆಟ್ ಹತ್ತಿರದ ಮಾತು. ಕೋರ್ಸ್‌ನಲ್ಲಿ ಹಾಕಿದ ದಾರಿ ಬೇರೆ.

ಹೊಸ_ಕೈ
ಕೊನೆಯದಾಗಿ ಒಂದು. ನಾವು ಆಡುವ ಕಡೆ ಬ್ಯಾಸ್ಕೆಟ್ ಇಲ್ಲ. ಮರಗಳಿಗೆ ಬಣ್ಣದ ಪಟ್ಟಿ ಕಟ್ಟಿಕೊಂಡು ಆಡುತ್ತೇವೆ. ಡಿಸ್ಕ್ ಪಟ್ಟಿಯ ಕೆಳಗೆ ಕಾಂಡಕ್ಕೆ ತಾಗಿದರೂ ಮುಗಿಯಿತು ಅಂತಾರೆ ಕೆಲವರು. ಕೊಂಬೆಗೆ ತಾಗಿದರೂ ಸಾಕು ಅಂತಾರೆ ಇನ್ನು ಕೆಲವರು.

ಹತ್ತು_ಮೀಟರ್
ಗುರುತು ಮಾಡಿದ ಭಾಗಕ್ಕೆ ತಾಗಿದರೆ ಮಾತ್ರ. ಇಂಥ ಗುರಿಗೆ ಡಿಸ್ಕ್ ನಿಲ್ಲಬೇಕು ಅಂತಿಲ್ಲ, ತಾಗಿ ಬಿದ್ದರೆ ಸಾಕು. ಆದರೆ ಪಟ್ಟಿಗೇ ತಾಗಬೇಕು. ಬರೀ ಒಂದು ದಾರ ಕಟ್ಟಿದ್ದರೆ ಮೇಲೊಂದು, ಕೆಳಗೊಂದು ಪಟ್ಟಿ ಕಟ್ಟಿ, ನಡುವಿನ ಜಾಗವೇ ಗುರಿ ಅಂತ ಎಲ್ಲರೂ ಒಪ್ಪಿಕೊಳ್ಳಿ. ಅಂಚಿಗೆ ಸವರಿಕೊಂಡು ಹೋಗುವ ಎಸೆತ ಬರುತ್ತೆ ಅನ್ನಿಸಿದರೆ ಒಬ್ಬರು ಮುಂದೆ ಹೋಗಿ, ಪಕ್ಕಕ್ಕೆ ದೂರ ನಿಂತು ನೋಡುತ್ತಿರಲಿ.

ಹೊಸ_ಕೈ
ಎರಡು ಪಟ್ಟಿ ಒಳ್ಳೆಯ ಉಪಾಯ. ಎಷ್ಟು ಎತ್ತರಕ್ಕೆ ಕಟ್ಟಲಿ?

ಹತ್ತು_ಮೀಟರ್
ಬ್ಯಾಸ್ಕೆಟ್‌ನ ಟ್ರೇ ಅಂಚು ನೆಲದಿಂದ ಸುಮಾರು 80 ಸೆಂ.ಮೀ. ಇರುತ್ತೆ. ಕೆಳಗಿನ ಪಟ್ಟಿ ಅಲ್ಲಿ ಕಟ್ಟಿ, ಮೇಲಿನದು ಅದರಿಂದ ಅರ್ಧ ಮೀಟರ್ ಮೇಲೆ. ನಾಳೆ ನಿಜವಾದ ಬ್ಯಾಸ್ಕೆಟ್‌ಗೆ ಆಡುವಾಗ ಕೈಗೆ ಅದೇ ಎತ್ತರ ಅಭ್ಯಾಸ ಆಗಿರುತ್ತೆ.